ಆರು ಕಾಲಿನ ನುಸಿ

ಅವರನ್ನು ನೆನೆದರೆ ಈಗಲೂ ನನಗೆ ಕುತ್ತಿಗೆಯ ಹಿಂದೆ ಏನೋ ಹರಿದಂತಾಗುತ್ತದೆ. ತೀರಿಕೊಂಡವರ ಬಗ್ಗೆ ಬರೆಯುವಾಗ ಹೀಗೆ ಶುರು ಮಾಡಬಾರದು ಎಂದು ಗೊತ್ತು. ಆದರೆ ಅವರ ಜೊತೆ ಕೆಲಸ ಮಾಡಿದ ಏಳೆಂಟು ವರ್ಷಗಳಲ್ಲಿ ನಾನು ಅನುಭವಿಸಿದ್ದು ಬಹುಪಾಲು ಹೇಸಿಗೆಯನ್ನೇ. ಅದನ್ನು ಬಿಟ್ಟು ಬೇರೇನೋ ಒಳ್ಳೆಯ ಮಾತಿನಿಂದ ಆರಂಭಿಸಿದರೆ, ಇದ್ದದ್ದನ್ನು ಇದ್ದ ಹಾಗೆ ಹೇಳದವರನ್ನು ಕಂಡರೆ ಆಗದಿದ್ದ ಆ ಮನುಷ್ಯನಿಗೆ ಅದು ಸರಿಯೆನಿಸುತ್ತಿರಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಮದರಾಸಿನ ತ್ರಿಪ್ಲಿಕೇನಿನಲ್ಲಿ ಅವರ ತಮ್ಮ ನಡೆಸುವ ಹೋಟೆಲಿನಿಂದ ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆ. ಸುದ್ದಿ ಕೇಳಿ ತಟ್ಟೆಗೆ ಮರಳಿ ಬಂದೆ, ಅನ್ನದ ಮೇಲೆ ಒಂದು ಜೀರಿಗೆ ಕಾಳು ಕಂಡಿತು, ಅದು ಜೀರಿಗೆಯೇ ಎಂದು ಖಾತ್ರಿಯಾಗುವವರೆಗೆ ಬಗ್ಗಿ ನೋಡಿದೆ. ಇದು ಅವರು ನನಗೆ ಹಿಡಿಸಿ ಹೋದ ರೋಗ.

ನಾನು ಅವರನ್ನು ಮೊದಲು ಕಂಡದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನುಂಗಂಬಾಕ್ಕಂನ ಹಳೆಯ ಬಂಗಲೆಯೊಂದರಲ್ಲಿ ಪ್ರಾಣಿಗಳ ಅಧ್ಯಯನಕ್ಕೆಂದು ಒಂದು ಸಂಸ್ಥೆಯಿತ್ತು. ಅದರ ಹೆಸರು ಇಲ್ಲಿ ಬೇಡ. ಚಿತ್ರಕಲೆ ಕಲಿತು ಮನೆಯಲ್ಲಿ ಕೂತಿದ್ದ ನನಗೆ ಅಲ್ಲಿ ಚಿತ್ರಗಾರ್ತಿಯ ಕೆಲಸ ಸಿಕ್ಕಿತು, ತಾತ್ಕಾಲಿಕ. ಅಪ್ಪ ರೈಲ್ವೆಯವರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಪೆರಂಬೂರಿನಲ್ಲೇ ಬೇರು ಬಿಟ್ಟವರು. ಹಕ್ಕಿಗಳನ್ನೋ ಜಿಂಕೆಗಳನ್ನೋ ಬರೆಯುವ ಕೆಲಸವಿರಬೇಕು ಎಂದುಕೊಂಡು ಹೊಸ ಸೀರೆಯುಟ್ಟು ಹೋದೆ.

ನನ್ನನ್ನು ಹಿಂಭಾಗದ ಕೋಣೆಗೆ ಕಳಿಸಿದರು. ಸ್ಪಿರಿಟ್ಟು, ನುಸಿಗುಳಿಗೆ ಮತ್ತು ಯಾವುದೋ ಕೊಳೆತ ವಸ್ತುವಿನ ವಾಸನೆ. ಕುಳ್ಳಗೆ, ಅರ್ಧ ತೋಳಿನ ಬಿಳಿ ಅಂಗಿ ಹಾಕಿಕೊಂಡ, ಐವತ್ತರ ಆಸುಪಾಸಿನವರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಅವರ ಹುದ್ದೆ ಸಹಾಯಕನದು. ಡಾಕ್ಟರೇಟ್ ಇರಲಿಲ್ಲ, ಮದುವೆಯೂ ಆಗಿರಲಿಲ್ಲ. ಊರು ಉಡುಪಿಯ ಕಡೆ. ಆಫೀಸಿನವರು ಹಿಂದಿನಿಂದ 'ಉಣ್ಣಿ ಸಾರ್' ಎನ್ನುತ್ತಿದ್ದರು. ದನದ ಕಿವಿಯಲ್ಲಿ ಕಚ್ಚಿಕೊಳ್ಳುವ ಉಣ್ಣಿಗೆ ತಮಿಳಿನಲ್ಲೂ ಅದೇ ಹೆಸರು, ಹಾಗಾಗಿ ಯಾರಿಗೂ ವಿವರಿಸಿ ಹೇಳುವ ಕಷ್ಟವಿರಲಿಲ್ಲ. ಅವರ ವಿಷಯ ಉಣ್ಣಿಯ ಚಿಕ್ಕ ಬಂಧುಗಳಾದ ನುಸಿಗಳು, ಅದರಲ್ಲೂ ಹುಳುಗಳ ಮೈಮೇಲೆ ವಾಸ ಮಾಡುವ ನುಸಿಗಳು.

"ಬನ್ನಿ, ಇಲ್ಲಿ ಕಣ್ಣಿಡಿ," ಎಂದು ಸೂಕ್ಷ್ಮದರ್ಶಕ ತೋರಿಸಿದರು. ತೆಂಗಿನ ಮರ ಕೊರೆಯುವ ಕುರುವಾಯಿ ದುಂಬಿ ಅದು. ಅದರ ಕತ್ತಿನ ಸಂದಿನಲ್ಲಿ ಕಂದು ಬಣ್ಣದ ನುಸಿಗಳು ಒಂದರ ಮೇಲೊಂದು ಒತ್ತಿಕೊಂಡು, ಇನ್ನೂ ಜೀವಂತವಾಗಿ, ಕಾಲು ಆಡಿಸುತ್ತಿದ್ದವು. ನಾನು ಹಿತ್ತಲಿಗೆ ಓಡಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದೆ. ಹಿಂತಿರುಗಿದಾಗ ಅವರು ಒಂದು ಲೋಟ ಮಜ್ಜಿಗೆ ಹಿಡಿದು ನಿಂತಿದ್ದರು.

"ಮೊದ್ಲ ದಿನ ಎಲ್ಲರಿಗೂ ಹೀಗೇ," ಎಂದರು. "ನಾಳೆಯಿಂದ ಕಾಲು ಲೆಕ್ಕ ಮಾಡ್ಲಿಕ್ಕೆ ಶುರು ಮಾಡಿ. ಲೆಕ್ಕ ಮಾಡುವಾಗ ವಾಂತಿ ಬರುವುದಿಲ್ಲ."

ಮಜ್ಜಿಗೆ ಯಾವ ಲೋಟದಲ್ಲಿ ಕೊಟ್ಟರು, ಅದರಲ್ಲಿ ಮೊದಲು ಏನಿತ್ತು ಎಂದು ಯೋಚಿಸಿ ಇನ್ನೊಮ್ಮೆ ಹಿತ್ತಲಿಗೆ ಹೋದೆ. ಸಂಜೆ ಮನೆಯಲ್ಲಿ ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. "ಎಂಥಾ ಹೊಲಸು ನೌಕರಿ ಅದು. ಮೈ ತೊಳಕೊಂಡು ಒಳಗ ಬಾ. ಆ ಸೀರಿ ಹೊರಗ ಇರ್ಲಿ." ಆ ಕೆಲಸ ಬಿಡುವವರೆಗೂ ನನ್ನ ಆಫೀಸಿನ ಸೀರೆಗಳಿಗೆ ಮನೆಯ ಹಗ್ಗದ ಮೇಲೆ ಜಾಗ ಸಿಗಲಿಲ್ಲ.

ಅವರಿಗೆ ಅಸಹ್ಯವೆಂಬುದೇ ಇರಲಿಲ್ಲ, ಇದು ಹೊಗಳಿಕೆಯಲ್ಲ. ಬೀದಿಯಲ್ಲಿ ಸತ್ತ ಹೆಗ್ಗಣ ಕಂಡರೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ತರುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಎರಡು ಗಾಜಿನ ಕೊಳವೆ, ಅವುಗಳೊಳಗೆ ನೊಣವೋ ಜಿರಲೆಯೋ. ಹೋಟೆಲಿನಿಂದ ಬರುವ ಊಟದ ಕ್ಯಾರಿಯರನ್ನು ಸೂಕ್ಷ್ಮದರ್ಶಕದ ಪಕ್ಕದಲ್ಲೇ ಬಿಚ್ಚಿ, ಎಡಗೈಯಲ್ಲಿ ಚಿಮಟ ಹಿಡಿದು ಬಲಗೈಯಲ್ಲಿ ಹುಳಿಯನ್ನ ಉಣ್ಣುವರು. ಒಂದು ಸಲ ತಮ್ಮನ ಹೋಟೆಲಿನಲ್ಲಿ, ಊಟಕ್ಕೆ ಕೂತ ಗಿರಾಕಿಯ ಎಲೆಯ ಅಂಚಿನಿಂದ ನೊಣವೊಂದನ್ನು ಹಿಡಿದು, ಅದರ ಹೊಟ್ಟೆಯಡಿ ಎಷ್ಟು ನುಸಿಗಳಿವೆ ಎಂದು ಆ ಗಿರಾಕಿಗೇ ಭೂತಕನ್ನಡಿ ಕೊಟ್ಟು ತೋರಿಸಿದರಂತೆ. ಅಂದಿನಿಂದ ತಮ್ಮ ಇವರನ್ನು ಊಟದ ಹಾಲಿಗೆ ಸೇರಿಸಲಿಲ್ಲ. ಹಿಂದೆ ರುಬ್ಬುವ ಕಲ್ಲಿನ ಪಕ್ಕ ಎಲೆ ಹಾಕಿಸುತ್ತಿದ್ದ. ಇವರಿಗೆ ಬೇಸರವೇ ಇಲ್ಲ. "ಅಲ್ಲಿ ಜಿರಲೆ ಜಾಸ್ತಿ ಉಂಟು, ಒಳ್ಳೇದೇ ಆಯ್ತು," ಎಂದರು.

ಆದರೆ ಕೆಲಸ ಕಲಿಸುವಾಗ ಅವರಷ್ಟು ಚೊಕ್ಕ ಮನುಷ್ಯರನ್ನು ನಾನು ಕಂಡಿಲ್ಲ. ಸೂಕ್ಷ್ಮದರ್ಶಕಕ್ಕೆ ಕನ್ನಡಿಯೊಂದನ್ನು ಸಿಕ್ಕಿಸಿದರೆ ಒಳಗಿನ ಹುಳು ಪಕ್ಕದ ಕಾಗದದ ಮೇಲೆ ಬಿದ್ದಂತೆ ಕಾಣುತ್ತದೆ, ಅದರ ಮೇಲೆಯೇ ಪೆನ್ಸಿಲ್ ಓಡಿಸಬೇಕು. ಇಂಕು ಹಾಕುವಾಗ ಒಂದು ನಿಯಮ. ಕಣ್ಣಿಗೆ ಕಂಡದ್ದಕ್ಕೆ ತುಂಬು ಗೆರೆ. ಮರೆಯಲ್ಲಿದೆ, ಇರಬೇಕು ಎಂದು ಊಹಿಸಿದ್ದಕ್ಕೆ ಚುಕ್ಕೆ ಗೆರೆ. ನೂರಾರು ಚಿತ್ರಗಳಲ್ಲಿ ಅವರು ನನ್ನನ್ನು ಬೈದದ್ದು ಒಂದೇ ಕಾರಣಕ್ಕೆ. ಒಂದು ರೋಮ ಮುರಿದಿದ್ದರೆ, ಎದುರಿನ ಬದಿ ನೋಡಿ ಅದನ್ನು ಪೂರ್ತಿ ಮಾಡಿಬಿಡುವ ಚಪಲ ನನಗಿತ್ತು. ಎರಡೂ ಕಡೆ ಸಮ ಇದ್ದರೆ ಚಿತ್ರಕ್ಕೆ ಚೆಂದ.

"ನಿಮ್ಮ ಚೆಂದ ಯಾರಿಗೆ ಬೇಕು ಮಾರಾಯ್ರೆ," ಎನ್ನುತ್ತಿದ್ದರು. "ನೀವು ತುಂಬು ಗೆರೆ ಎಳೆದ್ರೆ ಜಪಾನಿನಲ್ಲಿ ಕೂತವನೂ ಅದನ್ನು ನಂಬ್ತಾನೆ. ಅವನಿಗೆ ನಿಮ್ಮ ಕಣ್ಣೇ ಗತಿ."

ನುಸಿಗಳಲ್ಲಿ ಎರಡು ಜಾತಿಯ ಸಂಬಂಧ ಎಂದು ಅವರು ಹೇಳಿಕೊಟ್ಟದ್ದು ಬಸ್ಸಿನಲ್ಲಿ. ಪಲ್ಲವನ್ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದವರನ್ನು ತೋರಿಸಿ, "ಇವರು ಸುಮ್ಮನೆ ಸವಾರಿ. ಜಾಗ ಬಂತು, ಇಳಿದು ಹೋದ್ರು. ಬಸ್ಸಿಗೆ ಗಾಯ ಇಲ್ಲ," ಎಂದರು. ದೊಡ್ಡ ದುಂಬಿಗಳ ಮೇಲೆ ಕೂತು ಸೆಗಣಿಯಿಂದ ಸೆಗಣಿಗೆ ಹೋಗುವ ನುಸಿಗಳು ಹಾಗೆ. ಅವಕ್ಕೆ ಎಂಟು ಕಾಲು. ಇನ್ನೊಂದು ಜಾತಿಯಲ್ಲಿ ಮರಿಗಳು ಮಾತ್ರ ಹುಳುವಿನ ಮೈಯಲ್ಲಿ ಬಾಯಿ ಹೂತು ರಸ ಕುಡಿಯುತ್ತವೆ, ಬೆಳೆದ ಮೇಲೆ ಇಳಿದು ತಮ್ಮ ಪಾಡಿಗೆ ತಿರುಗುತ್ತವೆ. ನುಸಿಯ ಮರಿಗೆ ಆರೇ ಕಾಲು. ನಾಲ್ಕನೇ ಜೋಡಿ ಬರುವುದು ಬೆಳೆದ ಮೇಲೆ. ಹಾಗಾಗಿ ಹುಳುವಿಗೆ ಅಂಟಿದ ನುಸಿ ಸವಾರಿಯೋ ರಸ ಕುಡಿಯುವುದೋ ಎಂದು ಹೇಳಬೇಕಾದರೆ ಮೊದಲು ಕಾಲು ಎಣಿಸಬೇಕು. ಪಕ್ಕದ ಸೀಟಿನ ಹೆಂಗಸು ಇದನ್ನೆಲ್ಲ ಕೇಳಿ ಎದ್ದು ಮುಂದೆ ಹೋಗಿ ನಿಂತಳು. ಜಾಗವಾಯಿತೆಂದು ಇವರು ಕಾಲು ಚಾಚಿ ಕೂತರು.

ಅವರ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಈ ಕುಡಿಯುವ ವ್ಯವಹಾರ ಯಾವಾಗ ಶುರುವಾಯಿತು? ಮನುಷ್ಯ ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರ್ಷ ಹಿಂದೆಯೂ ಇತ್ತೇ? ಅದಕ್ಕೆ ಸಾಕ್ಷಿ ಸಿಗಬಹುದಾದ ಜಾಗ ಅಂಬರ್ ಒಂದೇ, ಎಂದರೆ ಮರದ ಅಂಟು ಭೂಮಿಯಡಿ ಹೂತು ಕಲ್ಲಾದದ್ದು. ಅಂಟಿಗೆ ಸಿಕ್ಕಿಬಿದ್ದ ಹುಳು ಕೂದಲು ಕೊಂಕದ ಹಾಗೆ ಒಳಗಿರುತ್ತದೆ. ಹೊರದೇಶಗಳಲ್ಲಿ ಅದಕ್ಕೆಂದೇ ಕೋಣೆಗಟ್ಟಲೆ ಸಂಗ್ರಹಗಳಿದ್ದವು. ನಮ್ಮಲ್ಲಿ ಏನಿತ್ತು? ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರು.

ಬರ್ಮಾದಿಂದ ಹೊರಟು ಬಂದ ತಮಿಳರು ಅಲ್ಲಿ ಅಂಗಡಿ ಹಾಕಿಕೊಂಡಿದ್ದರು. ಟೇಪ್ ರೆಕಾರ್ಡರು, ಸೆಂಟು, ಕೊಡೆಗಳ ನಡುವೆ ಅಪರೂಪಕ್ಕೆ ಯಾರಾದರೂ ಮುದುಕಿ ತನ್ನ ಹಳೆಯ ಮಣಿಸರವನ್ನು ಮಾರಲು ಇಟ್ಟಿರುತ್ತಿದ್ದಳು. ಬರ್ಮಾದ ಗಣಿಗಳ ಅಂಬರ್ ಮಣಿ. ಎರಡು ವರ್ಷ, ಭಾನುವಾರ ಬೆಳಿಗ್ಗೆ ತಪ್ಪದೆ ಇವರು ಅಲ್ಲಿಗೆ ಹೋಗಿ ಒಂದೊಂದೇ ಮಣಿಗೆ ತೆಂಗಿನೆಣ್ಣೆ ಸವರಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಎಣ್ಣೆ ಹಚ್ಚಿದರೆ ಮೇಲಿನ ಗೀರುಗಳು ಮಾಯವಾಗಿ ಒಳಗಿನದು ಕಾಣುತ್ತದೆ. ನನ್ನ ಕಣ್ಣು ಚುರುಕೆಂದು ಒಂದೆರಡು ಸಲ ನನ್ನನ್ನೂ ಕರೆದೊಯ್ದರು.

ಹಾಗೆ ನಾನೂ ಹೋದ ಒಂದು ಭಾನುವಾರ ಮುದುಕಿಯೊಬ್ಬಳು ಇವರು ಎಣ್ಣೆ ಹಚ್ಚುವುದನ್ನು ಕಂಡು ಹೆದರಿದಳು. "ಎದುಕ್ಕು ಸಾಮಿ ಎಣ್ಣೈ? ಮಂತ್ರವಾ?" ಎಂದಳು, ಎಣ್ಣೆ ಯಾಕೆ ಎಂದು. ಇವರು ಹಿಡಿದ ಮಣಿಯನ್ನು ಕಣ್ಣಿನಿಂದ ಇಳಿಸಿ ನನ್ನ ಕೈಗಿಟ್ಟರು. ಜೇನಿನ ಬಣ್ಣದೊಳಗೆ ಸೊಳ್ಳೆಗಿಂತ ಚಿಕ್ಕದೊಂದು ನೊಣ, ಅದರ ಹೊಟ್ಟೆಯ ಬದಿಗೆ ಮೂರು ಕೆಂಪು ಚುಕ್ಕೆ. ಆ ಒಂದು ಮಣಿ ಸಾಕೆಂದರೆ ಮುದುಕಿ ಸರ ಕಡಿಯಲು ಒಪ್ಪಲಿಲ್ಲ. ಇವರು ಕೈಗಡಿಯಾರ ಬಿಚ್ಚಿ ಅವಳ ಮುಂದಿಟ್ಟರು. ಆಮೇಲೆ ಅವರು ಇನ್ನೊಂದು ಗಡಿಯಾರ ಕಟ್ಟಲೇ ಇಲ್ಲ.

ಆ ಮಣಿಯನ್ನು ಅವರು ಹಲ್ಲುಪುಡಿ ಮತ್ತು ಹಳೆಯ ಪಂಚೆಯ ತುಂಡಿನಿಂದ ಮೂರು ವಾರ ಉಜ್ಜಿದರು, ಬೇರೆ ಯಾರನ್ನೂ ಮುಟ್ಟಗೊಡದೆ. ಒಂದು ಬದಿ ಗಾಜಿನಂತಾದ ಮೇಲೆ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. "ಲೆಕ್ಕ ಮಾಡಿ," ಎಂದರು.

ಮೂರು ನುಸಿಗಳು. ನೊಣದ ಹೊಟ್ಟೆಯ ಮಡಿಕೆಗಳ ನಡುವಿನ ಮೆತ್ತನೆಯ ಜಾಗದಲ್ಲಿ ಮೂರಕ್ಕೂ ಬಾಯಿ ಹೂತಿತ್ತು. ಮೈ ಉಬ್ಬಿ ಬೆನ್ನಿನ ಚರ್ಮ ಬಿಗಿದಿತ್ತು. ನೊಣದ ಹೊಟ್ಟೆ ಆ ಬದಿಗೆ ಒಳಕ್ಕೆ ಕುಸಿದಿತ್ತು. ಕಾಲುಗಳನ್ನು ಒಂದಲ್ಲ ನಾಲ್ಕು ಸಲ ಎಣಿಸಿದೆ. ಆರು, ಆರು, ಆರು. ಕುಡಿಯುತ್ತಿರುವಾಗಲೇ ಅಂಟು ಬಂದು ಮುಚ್ಚಿದೆ. ಅಷ್ಟು ಕೋಟಿ ವರ್ಷಗಳಿಂದ ಅವು ಬಾಯಿ ತೆಗೆದಿಲ್ಲ ಎಂದು ಯೋಚಿಸಿದಾಗ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದುಬಿಟ್ಟೆ. ದುಂಬಿಯ ಮೇಲಿನ ನುಸಿಗಿಂತ ಇದು ಹೆಚ್ಚು ಅಸಹ್ಯವಾಗಿತ್ತು. ಲೋಕದಲ್ಲಿ ಈ ಹೊಲಸು ಈಚೆಗೆ ಬಂದದ್ದು, ಮೊದಲು ಎಲ್ಲ ಶುಚಿಯಾಗಿತ್ತು ಎಂಬ ನಂಬಿಕೆ ನನ್ನ ಮನಸ್ಸಿನ ಮೂಲೆಯಲ್ಲೆಲ್ಲೋ ಇದ್ದಿರಬೇಕು.

"ಆರು ಸರ್," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಹೌದಲ್ಲ? ಆಗಲೂ ಇತ್ತು. ನಾನು ನೋಡಿದ್ದು ಸರಿಯೇ," ಎಂದರು. ಅಷ್ಟು ಸಂತೋಷ ನಾನು ಅವರ ಮುಖದಲ್ಲಿ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಲೇಖನ ಅವರೇ ಟೈಪು ಮಾಡಿದರು. ಹೊರದೇಶದ ಪತ್ರಿಕೆಗೆ ಹೋಗಬೇಕು, ಅದರಲ್ಲಿ ಅವರ ಹೆಸರು ಬರಬೇಕು. ಇಪ್ಪತ್ತೈದು ವರ್ಷ ಬೇರೆಯವರ ಲೇಖನಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಇದ್ದವರಿಗೆ ಇದು ಎಂಥ ಮಾತು ಎಂದು ಹೇಳಬೇಕಾಗಿಲ್ಲ. ಆದರೆ ಸಂಸ್ಥೆಯ ಮುಖ್ಯಸ್ಥರ ಸಹಿಯಿಲ್ಲದೆ ಏನೂ ಹೊರಗೆ ಹೋಗುವಂತಿರಲಿಲ್ಲ. ಮುಖ್ಯಸ್ಥರು ಮೀನಿನ ವಿಷಯದವರು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಕನ್ನಡದವರು, ಮಾತಿನಲ್ಲಿ ಕನ್ನಡ ಎಷ್ಟು ತಮಿಳು ಎಷ್ಟು ಎಂದು ಹೇಳುವಂತಿರಲಿಲ್ಲ. ಎದುರಿಗಿದ್ದವರ ಮುಂದೆಯೇ ಬೆಂಕಿಕಡ್ಡಿಯಿಂದ ಹಲ್ಲು ಚುಚ್ಚಿ ಅದನ್ನು ಮೂಸಿ ನೋಡುವ ಅಭ್ಯಾಸ. ನುಸಿ ಬೇಕು, ಈತ ಬೇಡ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಲೇಖನವನ್ನು ಓದದೆ ಮೊದಲ ಹೆಸರು ತನ್ನದು ಹಾಕಿಸಿದರು, ಇವರದು ಎರಡನೆಯದು. ಇವರು ಅದಕ್ಕೂ ತಕರಾರು ಮಾಡಲಿಲ್ಲ.

ನನ್ನ ಚಿತ್ರಕ್ಕೆ ಇನ್ನೂ ಇಂಕು ಹಾಕುತ್ತಿರುವಾಗ ಊರಿನಿಂದ ತಂತಿ ಬಂತು. ಇವರ ತಾಯಿ ತೀರಿಕೊಂಡಿದ್ದರು. "ಮುಗ್ಸಿ ಕಳಿಸಿ ಬಿಡಿ. ನಿಮ್ಗೆ ಗೊತ್ತುಂಟಲ್ಲ," ಎಂದು ನನಗೆ ಹೇಳಿ ರೈಲು ಹತ್ತಿದರು.

ಮೂರನೇ ದಿನ ಮುಖ್ಯಸ್ಥರು ಕರೆದರು. ಮೇಜಿನ ಮೇಲೆ ನನ್ನ ಚಿತ್ರ. ಅದರ ಪಕ್ಕದಲ್ಲಿ, ಬೇಕೆಂದೇ ಇಟ್ಟಿದ್ದರೋ ಏನೋ, ನನ್ನ ಕೆಲಸ ಕಾಯಂ ಮಾಡುವ ಫೈಲು.

"ಏನಮ್ಮಾ ಇದು? ನುಸಿಗೆ ಎಂಟು ಕಾಲು. ಇಸ್ಕೂಲ್ ಪಿಳ್ಳೆಗಳಿಗೂ ತೆರಿಯುಂ, ಗೊತ್ತು. ನೀನು ಆರು ಹಾಕಿದ್ದೀಯಲ್ಲ?"

"ಕಂಡದ್ದು ಆರೇ ರೀ ಸರ್. ಅವು ಮರಿ..."

"ಕಾಣೋದು ಆರು. ಮಿಕ್ಕಿದ್ದು ಕೆಳಗಡೆ ಮಡಿಚಿಕೊಂಡಿರತ್ತೆ. ಆರು ಕಾಲು ಅಂತ ಹೋದ್ರೆ ಫಾರಿನ್‌ನೋರು ಸಿರಿಪ್ಪಾಂಗ, ನಗ್ತಾರೆ. ಮೊದಲ ಹೆಸರು ನಂದು. ಮಾನ ಹೋಗೋದು ನಂದು. ಎರಡೆರಡು ಸೇರಿಸು."

"ಹಂಗಾದ್ರ ಚುಕ್ಕೆ ಗೆರೆಯೊಳಗ ಹಾಕ್ತೀನ್ರಿ."

"ಚುಕ್ಕೆ ಹಾಕಿದ್ರೆ ಡೌಟ್ ಅಂತ ಅರ್ಥ. ನಮಗೆ ಡೌಟ್ ಇಲ್ಲ. ಸಾಯಂಕಾಲದೊಳಗೆ ಪೋಸ್ಟ್‌ಗೆ ಹೋಗಬೇಕು," ಎಂದು ಫೈಲನ್ನು ತೆಗೆದು ಚಿತ್ರದ ಮೇಲಿಟ್ಟು, ಎರಡನ್ನೂ ಒಟ್ಟಿಗೆ ನನ್ನ ಕಡೆ ತಳ್ಳಿದರು.

ಮುಖ್ಯಸ್ಥರು ಸೂಕ್ಷ್ಮದರ್ಶಕದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಲೇಖನದಲ್ಲಿ ಆರು ಎಂದೇ ಬರೆದಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದನ್ನು ಹೇಳಲು ಒಂದು ನಿಮಿಷ ಬೇಕಿತ್ತು. ಹೇಳಲಿಲ್ಲ. ಅಪ್ಪ ಆ ವರ್ಷ ನಿವೃತ್ತರಾಗುವವರಿದ್ದರು, ಕ್ವಾರ್ಟರ್ಸ್ ಬಿಡಬೇಕಿತ್ತು, ಇಬ್ಬರು ತಂಗಿಯರು ಓದುತ್ತಿದ್ದರು. ಇವೆಲ್ಲ ನಿಜ. ಆದರೆ ಈ ಕಾರಣಗಳನ್ನು ಇಲ್ಲಿ ಬರೆಯುತ್ತಿರುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿದೆ. ಏಕೆಂದರೆ ನಾನು ಆ ಕಾಲುಗಳನ್ನು ಅಳುತ್ತ ಬರೆಯಲಿಲ್ಲ. ಚೆನ್ನಾಗಿ ಬರೆದೆ. ಹೊಟ್ಟೆಯ ನೆರಳಿನಿಂದ ಹೊರಬಂದಂತೆ, ಕೀಲು ಕೀಲನ್ನೂ ತಿದ್ದಿ, ಮೊದಲ ಮೂರು ಜೋಡಿಗಳಿಗಿಂತ ಸೊಗಸಾಗಿ, ತುಂಬು ಗೆರೆಯಲ್ಲಿ. ಮೂರು ನುಸಿಗೂ ಎರಡೆರಡು. ಎರಡೂ ಕಡೆ ಸಮವಾಯಿತು. ದೂರ ಹಿಡಿದು ನೋಡಿ ನನಗೇ ಮೆಚ್ಚುಗೆಯಾಯಿತು.

ಇವರು ತಲೆ ಬೋಳಿಸಿಕೊಂಡು ಹಿಂದಿರುಗಿದಾಗ ಚಿತ್ರ ಹಡಗು ಹತ್ತಿತ್ತು. ನಾನು ಕಾಯಂ ಆಗಿದ್ದೆ. ಹೇಗಾಯಿತು ಎಂದು ಕೇಳಿದರು. ಕಳಿಸಿದೆ ಎಂದೆ.

ಅಚ್ಚಾಗಿ ಬರಲು ವರ್ಷದ ಮೇಲಾಯಿತು. ಅಷ್ಟು ದಿನವೂ ನನಗೆ ಹೇಳಲು ಸಮಯವಿತ್ತು. ಅವರು ಲೇಖನದ ಪ್ರತಿಗಳ ಕಟ್ಟು ಬಿಚ್ಚಿದ್ದು ನನ್ನ ಮೇಜಿನ ಮೇಲೆಯೇ. ಚಿತ್ರದ ಪುಟದ ಮೇಲೆ ಭೂತಕನ್ನಡಿಯಿಟ್ಟು ಬಹಳ ಹೊತ್ತು ನೋಡಿದರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ಆಮೇಲೆ ಕಟ್ಟನ್ನು ಮೊದಲಿನಂತೆ ದಾರ ಸುತ್ತಿ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು. ನನ್ನ ಕಡೆ ನೋಡಲಿಲ್ಲ.

ಅದಾಗಿ ಎರಡು ತಿಂಗಳಿಗೆ ಆ ವಿಷಯ ಬಲ್ಲ ವಿದೇಶದ ವಿದ್ವಾಂಸರೊಬ್ಬರ ಪತ್ರ ಬಂತು. ಬರಹದಲ್ಲಿ ಆರು ಕಾಲಿನ ಮರಿ, ಚಿತ್ರದಲ್ಲಿ ಎಂಟು ಕಾಲಿನ ಬೆಳೆದ ನುಸಿ. ಒಂದೋ ಬರೆದವರಿಗೆ ಎಣಿಸಲು ಬರುವುದಿಲ್ಲ, ಇಲ್ಲವೇ ಚಿತ್ರದವರಿಗೆ ಕಣ್ಣು ಕಾಣುವುದಿಲ್ಲ. ಎಂಟಾದರೆ ಇದು ಬರೀ ಸವಾರಿ, ಇದರಲ್ಲಿ ಹೊಸದೇನಿದೆ? ಮಣಿಯನ್ನು ನೋಡಲು ಕಳಿಸಿ. ಇಷ್ಟು ಅದರ ಸಾರ.

ಮುಖ್ಯಸ್ಥರು ಎಲ್ಲರನ್ನೂ ಕರೆಸಿ ಆ ಪತ್ರವನ್ನು ಗಟ್ಟಿಯಾಗಿ ಓದಿದರು. ಓದಿ, ಗೂಬೆಯನ್ನು ಇವರ ತಲೆಯ ಮೇಲೆ ಕೂರಿಸಿದರು. "ಚಿತ್ರ ಯಾರ ಉಸ್ತುವಾರಿ? ನಿಮ್ಮದು ತಾನೆ? ಎಂಟು ಹಾಕೋಕೆ ಯಾರು ಹೇಳಿದ್ದು? ನೀವೇನಾ?" ಎಂದು ಕೇಳಿ, ಬೆಂಕಿಕಡ್ಡಿ ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು.

ಇವರು ಉತ್ತರ ಕೊಡಲು ಅವಸರ ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಒಂದು ಗಾಜು, ಆಮೇಲೆ ಇನ್ನೊಂದು. ನನಗಾಗಿ ಕಾಯುತ್ತಿದ್ದರು. ನನಗೆ ಗೊತ್ತಾಯಿತು, ಕೋಣೆಯಲ್ಲಿ ಬೇರಾರಿಗೂ ಗೊತ್ತಾಗಲಿಲ್ಲ. ನಾನು ಮೇಜಿನ ಮೇಲಿದ್ದ ಲಕೋಟೆಯ ಅಂಚೆಚೀಟಿ ನೋಡುತ್ತ ನಿಂತೆ.

"ಚಿತ್ರಕ್ಕೆ ನಾನೇ ಜವಾಬ್ದಾರಿ," ಎಂದರು ಕೊನೆಗೆ, ಕನ್ನಡಕ ಹಾಕಿಕೊಂಡು. "ಆದ್ರೆ ಕಾಲು ಆರೇ. ಮಣಿ ಕಳಿಸಿಕೊಡಿ, ಅವರೂ ಲೆಕ್ಕ ಮಾಡ್ಲಿ."

ಮುಖ್ಯಸ್ಥರು ಮಣಿ ಕಳಿಸಲಿಲ್ಲ. ಕಳಿಸಿದರೆ ಯಾರ ತಪ್ಪು ಎಂದು ತಿಳಿಯುತ್ತಿತ್ತಲ್ಲ. ಸಂಸ್ಥೆಯ ಆಸ್ತಿ ಎಂದು ಅದನ್ನು ಇವರ ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇವರನ್ನು ಮೀನಿನ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೆ ಅವರ ಕೆಲಸ, ಸೀಸೆಗಳಲ್ಲಿ ಸ್ಪಿರಿಟ್ಟು ಕಮ್ಮಿಯಾದರೆ ತುಂಬಿಸುವುದು.

ನಿವೃತ್ತಿಯ ದಿನ ಸಾಮಾನು ಒಪ್ಪಿಸುವಾಗ ಆ ಬೀರು ತೆರೆದರು. ನಾನೂ ಇದ್ದೆ. ಮಣಿ ಒಂದು ಸೀಸೆಯಲ್ಲಿತ್ತು, ಸ್ಪಿರಿಟ್ಟಿನಲ್ಲಿ ಮುಳುಗಿ. ಮೀನಿನವರ ಪದ್ಧತಿ. ಯಾವ ಮಾದರಿ ಬಂದರೂ ಮೊದಲು ಸ್ಪಿರಿಟ್ಟಿಗೆ. ಅಂಟಿನ ಕಲ್ಲನ್ನು ವರ್ಷಗಟ್ಟಲೆ ಅದರಲ್ಲಿ ನೆನೆಹಾಕಿದರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಮೈತುಂಬ ಕೂದಲಿನಂಥ ಬಿರುಕು, ಒಳಗೆಲ್ಲ ಮಬ್ಬು ಬಿಳಿ. ಇವರು ಅದನ್ನು ಅಂಗೈ ಮೇಲೆ ಉರುಳಿಸಿ ಕಿಟಕಿಯ ಬೆಳಕಿಗೆ ಹಿಡಿದರು.

"ಹಾಲು ಒಡೆದ ಹಾಗೆ ಆಯ್ತು ನೋಡಿ," ಎಂದರು ನನಗೆ. "ಇನ್ನು ಇದನ್ನು ನೋಡಿದವರು ಅಂದ್ರೆ ನಾವಿಬ್ಬರೇ."

ಇವರಿಗೆ ಹಾರ ಹಾಕಿದರು, ಮುಖ್ಯಸ್ಥರು ಭಾಷಣ ಮಾಡಿದರು, ನಾನು ಚಪ್ಪಾಳೆ ತಟ್ಟಿದೆ. ಮರುವರ್ಷ ನಾನೂ ಆ ಕೆಲಸ ಬಿಟ್ಟು ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರಾದೆ.

ತ್ರಿಪ್ಲಿಕೇನಿಗೆ ಅವರನ್ನು ನೋಡಲು ಮೂರು ಸಲ ಹೋಗಿದ್ದೆ. ಹೋಟೆಲಿನ ಹಿಂದಿನ ಲಾಡ್ಜಿನಲ್ಲಿ ಒಂದು ಕೋಣೆ, ಕಿಟಕಿಯಿಂದ ಸಾಂಬಾರಿನ ಹಬೆ. ಪ್ರತಿಸಲವೂ ಹೇಳಿಬಿಡಬೇಕೆಂದೇ ಹೋಗುತ್ತಿದ್ದೆ. ಕೊನೆಯ ಸಲ ಅವರೇ ಕೇಳಿದರು. "ಎಂತಾದ್ರೂ ಹೇಳ್ಲಿಕ್ಕೆ ಉಂಟಾ ನಿಮ್ಗೆ?"

"ಏನಿಲ್ಲ ಸರ್. ಸುಮ್ಮನ ಬಂದೆ."

"ಹಾಗಾದ್ರೆ ದೋಸೆ ತಿಂದು ಹೋಗಿ," ಎಂದರು. ನಾನು ಕೂತು ದೋಸೆ ತಿಂದೆ. ಗಂಟಲಲ್ಲಿ ಇಳಿಯಿತು ಕೂಡ.

ಅವರು ಹೋದ ಹದಿನೈದು ದಿನಕ್ಕೆ ತಮ್ಮ ಮತ್ತೆ ಫೋನು ಮಾಡಿದ. "ಅಣ್ಣನ ರೂಮು ಖಾಲಿ ಮಾಡ್ಬೇಕು. ಬಾಟ್ಲಿ, ಹುಳು, ಎಂತೆಂತದೋ ಗಲೀಜು ಉಂಟು. ನಮ್ಮ ಹುಡುಗ್ರು ಮುಟ್ಟುದಿಲ್ಲ. ನೀವು ಬಂದು ನೋಡ್ತೀರಾ?"

ಹೋದೆ. ಕೊಳವೆಗಳನ್ನೆಲ್ಲ ಒಂದು ಡಬ್ಬದಲ್ಲಿ ತುಂಬಿದೆ. ಮೂಗಿಗೆ ಸೆರಗು ಕಟ್ಟಿಕೊಂಡೇ ತುಂಬಿದೆ, ಸುಳ್ಳು ಹೇಳುವುದಿಲ್ಲ. ಮಂಚದ ಕೆಳಗೆ ಟ್ರಂಕಿನಲ್ಲಿ ಆ ಲೇಖನದ ಪ್ರತಿಗಳು ಸಿಕ್ಕವು. ಅರ್ಧದಷ್ಟು ಮುಗಿದಿದ್ದವು. ಯಾರ್ಯಾರಿಗೆ ಕಳಿಸಿದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು, ಎಲ್ಲ ಹೊರದೇಶದ ಹೆಸರುಗಳು. ಉಳಿದವುಗಳಲ್ಲಿ ಒಂದನ್ನು ಬಿಡಿಸಿ ಚಿತ್ರದ ಪುಟ ನೋಡಿದೆ. ಏನೋ ಬದಲಾಗಿತ್ತು. ಕಿಟಕಿಯ ಬಳಿ ಒಯ್ದೆ. ನಾಲ್ಕನೇ ಜೋಡಿ ಕಾಲು ಇರಲಿಲ್ಲ. ಕ್ಷೌರದ ಬ್ಲೇಡಿನ ತುದಿಯಿಂದ, ಕಾಗದ ಹರಿಯದ ಹಾಗೆ, ಬರೀ ಮಸಿಯನ್ನು ಹೆರೆದು ತೆಗೆದಿದ್ದರು. ಒಂದು ರೋಮ ಕೂಡ ಹೆಚ್ಚಾಗಿ ಹೋಗಿರಲಿಲ್ಲ. ಮುಂದಿನ ಪ್ರತಿ ತೆಗೆದೆ, ಅದರಲ್ಲೂ ಹಾಗೇ. ಎಲ್ಲದರಲ್ಲೂ ಹಾಗೇ. ಒಂದೊಂದು ಪುಟದಲ್ಲಿ ಆರಾರು ಕಾಲು ಹೆರೆಯುತ್ತ, ಯಾರು ಬರೆದದ್ದು ಎಂದು ಯಾರಿಗೂ ಹೇಳದೆ, ಆ ಮುದುಕ ಅಲ್ಲಿ ಎಷ್ಟು ದಿನ ಕೂತಿದ್ದರೋ.

ಕಟ್ಟಿನ ಅಡಿಯಲ್ಲಿದ್ದ ಕೊನೆಯ ಪ್ರತಿಯ ಮೇಲೆ ನನ್ನ ಹೆಸರಿತ್ತು, ಅವರ ದುಂಡು ಅಕ್ಷರದಲ್ಲಿ. ಬಿಡಿಸಿದೆ. ಅದೊಂದನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಮೂರೂ ನುಸಿಗಳಿಗೆ ಎಂಟೆಂಟು ಕಾಲು ಹಾಗೇ ಇದ್ದವು.

ಮನೆಗೆ ತಂದು ಮೇಜಿನ ಮೇಲಿಟ್ಟು, ಬ್ಲೇಡು ಹಿಡಿದು ಕೂತೆ. ಆಮೇಲೆ ಬ್ಲೇಡು ಕೆಳಗಿಟ್ಟೆ. ಅಷ್ಟು ಸುಲಭಕ್ಕೆ ಬಿಡಿಸಿಕೊಳ್ಳಬಾರದು ಅನಿಸಿತು. ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದು, ಆ ಪ್ರತಿಯನ್ನೇ ಜೊತೆಗಿಟ್ಟು, ನಿನ್ನೆ ಅಂಚೆಗೆ ಹಾಕಿದೆ. ಮುಖ್ಯಸ್ಥರು ಇನ್ನೂ ಇದ್ದಾರೆ, ಅವರಿಗೂ ಒಂದು ನಕಲು ಕಳಿಸಿದ್ದೇನೆ. ಮಣಿ ಹಾಳಾದ ಮೇಲೆ ಇದನ್ನು ನಂಬುವುದು ಬಿಡುವುದು ಓದಿದವರಿಗೆ ಬಿಟ್ಟದ್ದು. ಪತ್ರ ನಾಲ್ಕೇ ಸಾಲಿನದು. ಆ ಮಣಿಯನ್ನು ನೋಡಿದವರಲ್ಲಿ ಈಗ ಉಳಿದಿರುವುದು ನಾನೊಬ್ಬಳು. ಮೂರು ನುಸಿಗಳಿಗೂ ಕಂಡದ್ದು ಆರಾರೇ ಕಾಲು, ಲೇಖನ ಬರೆದವರು ಎಣಿಸಿದ್ದು ಸರಿ. ನಾಲ್ಕನೇ ಜೋಡಿ ಮಣಿಯಲ್ಲಿ ಇರಲಿಲ್ಲ. ಅದನ್ನು ಬರೆದದ್ದು ನಾನು.